ಒಂಬತ್ತನೇ ಸಾಲು

ನನ್ನ ಭಾವ, ಅಂದರೆ ಗಂಡನ ಅಣ್ಣ, ಮರಳಿನಲ್ಲಿ ಹೂತುಹೋದ ತನ್ನ ದೊಡ್ಡ ಕಾರಿನ ಕೀಯನ್ನು ತಂದು ನನ್ನ ಕೈಗೆ ಕೊಡಬೇಕು, ಅದೂ ಮೂವತ್ತು ಜನರ ಎದುರಿಗೆ ಕೊಡಬೇಕು ಎಂಬ ಆಸೆಯನ್ನು ನಾನು ಒಂದು ವರ್ಷ ಎದೆಯೊಳಗೆ ಸಾಕಿಕೊಂಡಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೆಲವರ ಸಿಟ್ಟು ಒಂದು ನಿದ್ದೆಗೆ ಇಳಿದುಹೋಗುತ್ತದೆ. ನನ್ನ ಗಂಡ ಆ ಪೈಕಿ. ‘ಹೋಗ್ಲಿ ಬಿಡೇ’ ಎಂದು ಮಗ್ಗುಲು ಬದಲಾಯಿಸಿದರೆ ಅವರಿಗೆ ಎಲ್ಲ ಮುಗಿಯಿತು. ನನ್ನದು ಉಪ್ಪಿನಕಾಯಿಯ ಜಾತಿ, ಇಟ್ಟಷ್ಟೂ ಮಾಗುತ್ತದೆ.

ನಾವಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಭಾವನ ಮನೆ ಅಲ್ ರೀಮ್ ಐಲ್ಯಾಂಡಿನ ಇಪ್ಪತ್ತೇಳನೇ ಮಹಡಿಯಲ್ಲಿ. ನಮ್ಮ ಕಡೆ ಕಾರಿಲ್ಲದಿದ್ದರೆ ಕೊತ್ತಂಬರಿ ಸೊಪ್ಪಿಗೂ ಇನ್ನೊಬ್ಬರ ಮುಖ ನೋಡಬೇಕು. ಹಾಗಾಗಿ ಡ್ರೈವಿಂಗ್ ಟೆಸ್ಟಿಗೆ ಕೂತೆ. ಐದು ಸಲ ಫೇಲಾದೆ. ಒಮ್ಮೆ ಕನ್ನಡಿ ನೋಡಲಿಲ್ಲವೆಂದು, ಒಮ್ಮೆ ತೀರಾ ನಿಧಾನವೆಂದು, ಮತ್ತೊಮ್ಮೆ ಯಾಕೆಂದು ಹೇಳುವ ಸೌಜನ್ಯವೂ ಇಲ್ಲದೆ. ಆರನೇ ಸಲ ಪಾಸಾದೆ. ಪಾಸಾದ ತಿಂಗಳೊಳಗೆ ಭಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವಾಗ ಒಂದು ರೌಂಡಬೌಟಿನಲ್ಲಿ ಸರಿಯಾದ ಎಕ್ಸಿಟ್ ಸಿಗದೆ ಮೂರು ಸುತ್ತು ಹೊಡೆದೆ. ಭಾವ ಹಿಂದಿನಿಂದ ಜೋರಾಗಿ ಎಣಿಸಿದರು. ಸಂಜೆಯೊಳಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ‘ರೌಂಡಬೌಟ್ ರಾಣಿ’ ಎಂದಾಗಿತ್ತು. ನಾಲ್ಕು ವರ್ಷ ಎಲ್ಲರೂ ಹಾಗೇ ಕರೆದರು. ಅವರ ಮಕ್ಕಳಿಗಂತೂ ನಾನು ‘ರೌಂಡಬೌಟ್ ಆಂಟಿ’.

ಆ ಐದೂ ಸೋಲುಗಳಲ್ಲಿ ನಗದಿದ್ದವರು ಒಬ್ಬರೇ, ಮೈಸೂರಿನಲ್ಲಿದ್ದ ನಮ್ಮತ್ತೆ. ಟೆಸ್ಟಿನ ದಿನ ಫೋನ್ ಮಾಡಿ ‘ಏನಾಯ್ತೇ?’ ಎನ್ನುವರು. ‘ಫೇಲು ಅತ್ತೆ’ ಎಂದರೆ ‘ಸರಿ, ಮುಂದಿನ್ಸಲ’ ಎಂದು ಇಟ್ಟುಬಿಡುವರು. ಮೂವತ್ತೈದು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದವರಿಗೆ ಫೇಲಾಗುವುದೊಂದು ಸುದ್ದಿಯಾಗಿರಲಿಲ್ಲ.

ಅಡ್ಡಹೆಸರಿನ ಮೇಲಿನ ಹಟಕ್ಕೇ ನಾನು ಶನಿವಾರ ಬೆಳಿಗ್ಗೆ ಒಬ್ಬಳೇ ಕಾರು ತೆಗೆದುಕೊಂಡು ಹೊರಡುವುದನ್ನು ಶುರುಮಾಡಿದೆ. ಮೊದಲು ಹೋದದ್ದು ಎಲ್ಲರೂ ಹೋಗುವ ಅಲ್ ವತ್ಬಾದ ಕಲ್ಲಿನ ದಿಬ್ಬಗಳಿಗೆ. ಯಾವ ಕಾಲದಲ್ಲೋ ಗಾಳಿ ಗುಡ್ಡೆ ಹಾಕಿದ ಮರಳು ತೇವಕ್ಕೆ, ಸುಣ್ಣಕ್ಕೆ ಅಂಟಿಕೊಂಡು ಗಟ್ಟಿ ಕಲ್ಲಾಗಿದೆ. ಆಮೇಲೆ ಅದೇ ಗಾಳಿ ಅದನ್ನು ಕೊರೆದು ಚಿರೋಟಿಯ ಹಾಗೆ ಪದರ ಪದರವಾಗಿ ಬಿಡಿಸಿಟ್ಟಿದೆ. ಅಲ್ಲಿ ಬೋರ್ಡುಗಳಿವೆ, ನಡೆಯಲು ದಾರಿಯಿದೆ, ದಾರಿ ಬಿಟ್ಟು ಇಳಿಯಬಾರದೆಂಬ ನಿಯಮವಿದೆ. ಮುಂದಿನ ವಾರ ಇನ್ನೂ ಸ್ವಲ್ಪ ದೂರ ಹೋದೆ. ಅದರ ಮುಂದಿನ ವಾರ ಲಾರಿಗಳ ರಸ್ತೆ ಹಿಡಿದು ಒಂಟೆ ಸಾಕುವ ಫಾರ್ಮುಗಳ ಕಡೆಗೆ ತಿರುಗಿದೆ. ಮ್ಯಾಪಿನಲ್ಲಿ ಅಲ್ಲೇನೂ ಇಲ್ಲ, ಬರೀ ಗೋಧಿಹಿಟ್ಟಿನ ಬಣ್ಣ. ಆದರೆ ಬೋರ್ಡಿಲ್ಲದ ಎಷ್ಟೋ ಕಲ್ಲುಗಳು ಅಲ್ಲಿದ್ದವು. ಒಂದರ ನಡುವೆ ಆಳೆತ್ತರದ ತೂತು. ಅದಕ್ಕೆ ನಾನೇ ಕಿಟಕಿ ಕಲ್ಲು ಎಂದು ಹೆಸರಿಟ್ಟೆ.

ಕಿಟಕಿ ಕಲ್ಲಿಗೆ ಹೋಗುವ ಮೊದಲ ಯತ್ನದಲ್ಲೇ ನಾನು ಹೂತುಹೋದೆ. ಫಾರ್ಮಿನ ನೀಲಿ ನೀರಿನ ಟ್ಯಾಂಕಿನ ಹತ್ತಿರ ಪಿಕಪ್‌ಗಳ ಗಾಲಿಗುರುತು ನೆಟ್ಟಗೆ ಕಲ್ಲಿನ ಕಡೆಗೇ ಹೋಗುತ್ತದೆ. ನೋಡಿದವರು ಯಾರಾದರೂ ಇದೇ ದಾರಿ ಎನ್ನಬೇಕು. ಅದು ಹಿಟ್ಟಿನಂಥ ಮರಳು. ಫಾರ್ಮಿನವರ ಪಿಕಪ್‌ಗಳು ಟಯರಿನ ಗಾಳಿ ಇಳಿಸಿಕೊಂಡೇ ಓಡಾಡುವುದರಿಂದ ತೇಲಿಕೊಂಡು ಹೋಗುತ್ತವೆ, ನಮ್ಮಂಥವರ ಕಾರು ಕೂತುಬಿಡುತ್ತದೆ. ಒಂಟೆ ನೋಡಿಕೊಳ್ಳುವ ಪೇಶಾವರದ ಮುದುಕರೊಬ್ಬರು ಸಲಿಕೆ ಹಿಡಿದು ಬಂದು ‘ಹವಾ ನಿಕಾಲೋ ಬೆಹನ್‌ಜೀ, ಹವಾ ಜ್ಯಾದಾ ಹೈ’ ಎಂದು ನಾಲ್ಕೂ ಟಯರಿನ ಗಾಳಿ ಇಳಿಸುವುದು ಹೇಗೆಂದು ನನ್ನ ಕೈಯಲ್ಲೇ ಮಾಡಿಸಿದರು. ಆಮೇಲೆ ಎಡಗಡೆ ತೋರಿಸಿದರು. ಟ್ಯಾಂಕಿನಿಂದ ಎಡಕ್ಕೆ ಹೊರಳಿದರೆ ಗಟ್ಟಿ ಜಲ್ಲಿ ನೆಲ, ಬಳಸಿಕೊಂಡು ಹೋಗಿ ಕಲ್ಲಿನ ನೆರಳಿನವರೆಗೂ ಕಾರು ನಿಲ್ಲಿಸಬಹುದು.

ನಾನು ಕೆಲಸ ಮಾಡುವುದು ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ. ಫಾರಂನಲ್ಲಿ ಒಂದು ಸಾಲು ಖಾಲಿ ಬಿಟ್ಟರೆ ಇಡೀ ಅಪ್ರೂವಲ್ ರಿಜೆಕ್ಟ್ ಆಗಿ ವಾಪಸ್ ಬರುತ್ತದೆ. ಆ ಅಭ್ಯಾಸದಿಂದ ದಾರಿಯನ್ನೂ ಸಾಲು ಸಾಲಾಗಿ ಬರೆದಿಡುತ್ತಿದ್ದೆ. ಒಂದು ತಿರುವಿಗೆ ಒಂದು ಸಾಲು, ಎಲ್ಲವೂ ಕನ್ನಡದಲ್ಲಿ.

ಹೋದ ವರ್ಷ ಜನವರಿಯ ಚಳಿಯಲ್ಲಿ ಭಾವ ‘ನಿನ್ನ ಆ ಚೀಟಿ ಸುಮ್ನೆ ನೋಡೋಣ ಕೊಡು’ ಎಂದರು. ಅದು ಮೂರು ಕಡೆ ಕಲ್ಲು ನೋಡಿಕೊಂಡು ಬರುವ ಮೊದಲ ದಾರಿ, ಕಿಟಕಿ ಕಲ್ಲಿನದಲ್ಲ. ಕೊಟ್ಟೆ. ಎರಡು ವಾರದಲ್ಲಿ ಒಂಬತ್ತು ಕಾರುಗಳ ಮೆರವಣಿಗೆ ಹೊರಟಿತು, ಮುಂದಿನ ಕಾರಿನಲ್ಲಿ ಭಾವ. ನನಗೆ ಆವತ್ತು ಡ್ಯೂಟಿ. ಗುಂಪಿನಲ್ಲಿ ಬಂದ ಫೋಟೋಗಳ ಕೆಳಗೆ ‘ಆರು ತಿಂಗಳು ಸರ್ವೆ ಮಾಡಿ ಹುಡುಕಿದ ರೂಟ್’ ಎಂದು ಅವರೇ ಬರೆದುಕೊಂಡಿದ್ದರು. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ತೋರಿಸಿದೆ. ‘ಅಣ್ಣ ಅಲ್ವಾ, ಹೋಗ್ಲಿ ಬಿಡೇ.’

ಬಿಡಬಹುದಿತ್ತೇನೋ. ಆದರೆ ರಾಜ್ಯೋತ್ಸವ ಬಂತು. ಒಂದು ಹೋಟೆಲಿನ ಹಾಲಿನಲ್ಲಿ ಸಮಾರಂಭ, ರೂಟ್ ಹುಡುಕಿದ್ದಕ್ಕೆ ಭಾವನಿಗೆ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ನಿರೂಪಣೆ ಮಾಡುವಾಕೆ ಮೈಕಿನಲ್ಲಿ ‘ತಟ್ಟೆ ಹಿಡ್ಕೊಳೋಕೆ ಅವರ ಮನೆಯವರೇ ಬರಲಿ’ ಎಂದಳು. ಓರಗಿತ್ತಿಗೆ ಜ್ವರ, ಬಂದಿರಲಿಲ್ಲ. ಎದ್ದು ಹೋಗಬೇಕಾದವಳು ನಾನು. ನನ್ನ ದಾರಿಗೆ ಬಂದ ಶಾಲನ್ನು, ಪೇಟವನ್ನು ತಟ್ಟೆಯಲ್ಲಿಟ್ಟುಕೊಂಡು ಭಾವನ ಪಕ್ಕದಲ್ಲಿ ನಿಂತೆ. ಅವರು ಮೈಕು ತೆಗೆದುಕೊಂಡು, ‘ನಮ್ಮ ರೌಂಡಬೌಟ್ ರಾಣಿ ಸ್ಟೇಜಿಗೆ ಬಂದಿದಾರೆ, ಯಾರಾದ್ರೂ ಇಳಿಯೋ ದಾರಿ ತೋರಿಸ್ಬಿಡ್ರಪ್ಪ, ಇಲ್ಲೇ ಸುತ್ತುತಾ ಇದ್ದಾರು’ ಎಂದರು. ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ. ಅವರ ಮಾತನ್ನಾದರೂ ಕ್ಷಮಿಸಿಯೇನು, ನನ್ನ ಆ ನಗುವನ್ನು ಇವತ್ತಿಗೂ ಕ್ಷಮಿಸಿಲ್ಲ. ತಟ್ಟೆ ಹಿಡಿದು ನಿಂತಲ್ಲೇ ತೀರ್ಮಾನಿಸಿದೆ. ಈ ಮನುಷ್ಯನ ಬಾಯಿಂದ, ಇದೇ ಜನರ ಮುಂದೆ, ದಾರಿ ನನ್ನದೆಂದು ಹೇಳಿಸಬೇಕು. ಬೇರೆ ಏನೂ ಬೇಡ.

ಒಂದು ವರ್ಷ ಕಾದೆ. ಈ ಸಲದ ಡಿಸೆಂಬರ್ ರಜೆಗೆ ಮುಂಚೆ ಭಾವ ಫೋನ್ ಮಾಡಿದರು.

‘ಅದೇನೋ ಕಿಟಕಿ ಕಲ್ಲು ಅಂತಿದ್ಯಲ್ಲ, ಅದರ ರೂಟ್ ಕಳ್ಸು. ಎಲ್ರೂ ಕೇಳ್ತಾವ್ರೆ. ಇಂಗ್ಲಿಷಲ್ಲಿ ಟೈಪ್ ಮಾಡು.’

‘ಟೈಪ್ ಮಾಡೋಕೆ ಪುರಸೊತ್ತಿಲ್ಲ ಭಾವ. ಬರ್ದು ಕೊಡ್ತೀನಿ, ಕನ್ನಡದಲ್ಲಿ.’

ಅಷ್ಟು ನಯವಾಗಿ ನಾನು ಅವರೊಂದಿಗೆ ಯಾವತ್ತೂ ಮಾತಾಡಿರಲಿಲ್ಲ. ಕಿಟಕಿ ಕಲ್ಲಿನ ದಾರಿ ಒಟ್ಟು ಹದಿನಾಲ್ಕು ಸಾಲು. ಒಂಬತ್ತನೆಯದು ಹೀಗಿತ್ತು: ‘ನೀಲಿ ಟ್ಯಾಂಕಿನ ಬಳಿ ಗಾಲಿಗುರುತು ಹಿಡಿಯಬೇಡಿ, ಎಡಕ್ಕೆ ಜಲ್ಲಿಯ ಮೇಲೆ ಹೊರಳಿ.’ ಆ ಸಾಲನ್ನು ಬಿಟ್ಟು ಉಳಿದ ಹದಿಮೂರನ್ನು ಹೊಸ ಹಾಳೆಗೆ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದೆ. ಬರೆಯುವಾಗ ಎಷ್ಟು ಖುಷಿಯಾಯಿತೆಂದರೆ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಭಾವ ಗಾಲಿಗುರುತು ಹಿಡಿಯುತ್ತಾರೆ, ಹೂತುಹೋಗುತ್ತಾರೆ, ಹಿಂದಿನ ಕಾರುಗಳು ನಿಲ್ಲುತ್ತವೆ, ಹೊರಗೆ ತೆಗೆಯುವ ವಿದ್ಯೆ ಗೊತ್ತಿರುವವಳು ನಾನೊಬ್ಬಳೇ. ಲೆಕ್ಕ ಚೊಕ್ಕವಾಗಿತ್ತು.

ಆ ಲೆಕ್ಕದಲ್ಲಿ ಅತ್ತೆ ಇರಲಿಲ್ಲ. ವಿಸಿಟ್ ವೀಸಾದ ಮೇಲೆ ಬಂದು ಆಗಲೇ ಒಂದು ತಿಂಗಳಾಗಿತ್ತು, ನಮ್ಮ ಮನೆಯಲ್ಲೇ ಇದ್ದರು, ನಾನು ಮರಳಿನಲ್ಲಿ ಹೂತು ಎದ್ದು ಬಂದ ಕತೆ, ಶಾಲಿನ ಕತೆ ಎರಡನ್ನೂ ನನ್ನ ಬಾಯಿಂದಲೇ ಕೇಳಿದ್ದರು. ಮಂಡಿ ನೋವಿನಿಂದ ಮರಳಿನಲ್ಲಿ ನಾಲ್ಕು ಹೆಜ್ಜೆ ಇಡಲಾರರು. ಆದರೂ ಕಿಟಕಿ ಕಲ್ಲಿನ ಪಕ್ಕಕ್ಕೇ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ನಮ್ಮ ಕಾರಿನಲ್ಲೇ ಬರುತ್ತಾರೆ ಅಂದುಕೊಂಡಿದ್ದೆ. ಹೊರಡುವ ಬೆಳಿಗ್ಗೆ ಎಲ್ಲರೂ ಒಂದು ಪೆಟ್ರೋಲ್ ಬಂಕಿನ ಹತ್ತಿರ ಸೇರಿದಾಗ ಭಾವ ಬಂದು ಅತ್ತೆಯ ಕೈಹಿಡಿದು ತಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಬಿಟ್ಟರು. ‘ಅಮ್ಮ ನನ್ನ ಗಾಡೀಲಿ ಬರ್ಲಿ. ನಿಮ್ಮ ಡಬ್ಬೀಲಿ ಕೂತ್ರೆ ಅವಳ ಬೆನ್ನು ಬಿದ್ದೋಗುತ್ತೆ.’ ಹಿಂದಿನ ಸೀಟಿನಲ್ಲಿ ಅವರ ಮಕ್ಕಳು, ನನ್ನ ಮಗಳು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಓರಗಿತ್ತಿ ಊರಿಗೆ ಹೋಗಿದ್ದಳು, ಭಾವ ಓಡಿಸುವಾಗ ಹತ್ತಿರದ್ದನ್ನು ಓದುವ ಕನ್ನಡಕ ಹಾಕುವುದಿಲ್ಲ. ಚೀಟಿ ಓದುವ ಕೆಲಸ ಅತ್ತೆಗೆ ಬಂತು.

ಬೀಪಿ ಮಾತ್ರೆ ನುಂಗುವ ಎಪ್ಪತ್ತೆರಡು ವರ್ಷದ ಹೆಂಗಸನ್ನು ಗೊತ್ತಿದ್ದೂ ಗೊತ್ತಿದ್ದೂ ಮರಳಿನಲ್ಲಿ ಸಿಕ್ಕಿಸುವುದೆ? ಹತ್ತು ನಿಮಿಷ ಒದ್ದಾಡಿದೆ. ಕೊನೆಗೆ ‘ಅತ್ತೆ, ಒಂದು ನಿಮಿಷ, ಅಕ್ಷರ ಸರಿಯಾಗಿದೆಯಾ ನೋಡ್ತೀನಿ’ ಎಂದು ಚೀಟಿ ಇಸಿದುಕೊಂಡು, ಗಂಡನ ಜೇಬಿನ ಪೆನ್ನು ಕಿತ್ತು, ಬಾನೆಟ್ಟಿನ ಮೇಲಿಟ್ಟು ಎರಡು ಸಾಲುಗಳ ನಡುವೆ ಆ ಸಾಲನ್ನು ತುರುಕಿದೆ. ಚೀಟಿ ವಾಪಸ್ ಕೊಟ್ಟು ನಮ್ಮ ಕಾರಿಗೆ ಬಂದು ಕೂತವಳ ಮುಖ ನೋಡಿ ಗಂಡ ‘ಏನೇ, ತಲೆನೋವಾ?’ ಎಂದರು. ಸೀಟ್ ಬೆಲ್ಟ್ ಎಳೆದುಕೊಂಡೆ. ಒಂದು ವರ್ಷ ಕಾದಿದ್ದನ್ನು ಒಂದು ನಿಮಿಷದಲ್ಲಿ ಕೈಯಾರೆ ಹಾಳುಮಾಡಿಕೊಂಡಿದ್ದೆ. ಇನ್ನು ಭಾವ ಸಲೀಸಾಗಿ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ, ಮುಂದಿನ ವರ್ಷ ಇನ್ನೊಂದು ಶಾಲು.

ನಮ್ಮದು ಮೂರನೇ ಕಾರು. ಲಾರಿ ರಸ್ತೆ ದಾಟಿ, ಒಂಟೆಗಳ ಬೇಲಿ ದಾಟಿ, ನಮ್ಮ ಬನ್ನಿಯ ಜಾತಿಯ ಒಂಟಿ ಘಾಫ್ ಮರದ ಬಳಿ ತಿರುಗಿ, ಒಂದೊಂದೂ ನಾನು ಬರೆದ ಹಾಗೆಯೇ ಸಾಗಿತು. ದೂರದಲ್ಲಿ ಕಲ್ಲು ಕಾಣಿಸಿತು, ತೂತಿನಾಚೆಯ ಆಕಾಶವೂ ಕಾಣಿಸಿತು. ನೀಲಿ ಟ್ಯಾಂಕಿನ ಹತ್ತಿರ ಭಾವನ ಕಾರು ನಿಧಾನವಾಯಿತು. ಎಡಕ್ಕೆ ಹೊರಳುವುದನ್ನು ನೋಡಲು ಮನಸ್ಸಿಲ್ಲದೆ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಗಂಡ ‘ಅರೆ’ ಎಂದರು. ನೋಡಿದರೆ ಕಾರು ನೆಟ್ಟಗೆ ಗಾಲಿಗುರುತಿನ ಮೇಲೆ ಹೋಗುತ್ತಿತ್ತು. ನಲವತ್ತು ಅಡಿ ಹೋಗಿರಬಹುದು. ಮೂಗು ತಗ್ಗಿತು, ಹಿಂದಿನ ಗಾಲಿಗಳಿಂದ ಮರಳು ಚಿಮ್ಮಿತು, ನಿಂತಿತು. ಭಾವ ಆಕ್ಸಿಲರೇಟರ್ ಒತ್ತಿದರು. ಒತ್ತಿದಷ್ಟೂ ಕಾರು ಇಳಿಯಿತು.

ಬರೆದಿದ್ದರೂ ಕೇಳಲಿಲ್ಲ ಈ ಮನುಷ್ಯ, ಅಂದುಕೊಂಡೆ. ನನ್ನ ಸಾಲನ್ನು ಅತ್ತೆ ಓದಿರುತ್ತಾರೆ, ಇವರು ‘ಅವಳಿಗೇನು ಗೊತ್ತು’ ಎಂದು ನೇರ ನುಗ್ಗಿರುತ್ತಾರೆ. ಸಿಟ್ಟಿನ ಜೊತೆಗೇ ಎಂಥ ಸಂತೋಷ ಬಂತೆಂದು ಹೇಳಲಾರೆ. ಪಾಪ ನನ್ನ ತಲೆಗೆ ಬರದೆ ಸೇಡು ತಾನಾಗಿ ತೀರುತ್ತಿತ್ತು.

ಎಲ್ಲರೂ ಇಳಿದು ಸೇರಿದೆವು. ಭಾವ ಬಾಗಿಲು ತೆರೆದವರೇ ನನ್ನ ಕಡೆ ಕೈ ತೋರಿಸಿದರು.

‘ಇವಳ ಚೀಟಿ ನಂಬ್ಕೊಂಡು ಬಂದ್ವಲ್ಲ, ನಮಗೆ ಬುದ್ಧಿ ಇಲ್ಲ. ರೌಂಡಬೌಟ್ ರಾಣಿ ರೂಟು ಇದು, ನೋಡ್ಕೊಳ್ರಪ್ಪ.’

ಕಾರು ಹೂತಮೇಲೆ, ಮೊದಲ ಸಲ, ದಾರಿ ನನ್ನದಾಗಿತ್ತು.

‘ಎಡಕ್ಕೆ ಹೊರಳಿ ಅಂತ ಬರ್ದಿದೀನಲ್ಲ ಭಾವ.’

‘ಎಲ್ಲಿ ಬರ್ದಿದೀಯ? ಅಮ್ಮ ಒಂದೊಂದೇ ಸಾಲು ಓದಿದ್ಲು, ನಾನು ಕೇಳ್ಕೊಂಡೇ ಓಡ್ಸಿದ್ದು. ಎಡನೂ ಇಲ್ಲ, ಬಲನೂ ಇಲ್ಲ.’

‘ಚೀಟಿ ಕೊಡಿ, ತೋರಿಸ್ತೀನಿ.’

ಅತ್ತೆ ಕಿಟಕಿ ಇಳಿಸಿ, ‘ಚೀಟಿ ಎಲ್ಲೋ ಬಿತ್ತು ಕಣೇ, ಸೀಟಿನ ಕೆಳಗೆ ಹೋಯ್ತೋ ಏನೋ’ ಎಂದರು. ಮಂದಗಣ್ಣಿಗೆ ತುರುಕಿದ ಸಾಲು ಕಾಣಲಿಲ್ಲವೇನೋ ಎಂದು ನಾನು ಹಲ್ಲು ಕಚ್ಚಿಕೊಂಡು ಸುಮ್ಮನಾದೆ. ಅತ್ತೆಯನ್ನು ಎಲ್ಲರೆದುರು ತಪ್ಪಿತಸ್ಥಳನ್ನಾಗಿ ಮಾಡಿ ನಾನು ಗೆಲ್ಲುವುದು ಹೇಗೆ?

ಅರ್ಧ ಗಂಟೆ ಗಂಡಸರೆಲ್ಲ ತಳ್ಳಿದರು. ಒಬ್ಬರು ಗಾಲಿಯ ಕೆಳಗೆ ಕಾರಿನ ಮ್ಯಾಟ್ ಇಟ್ಟರು, ಅದು ಹರಿದು ಹಾರಿತು. ಮರಳು ಆಕ್ಸಲ್ ಮುಟ್ಟಿತು. ಒಬ್ಬರು ರಿಕವರಿ ವ್ಯಾನಿಗೆ ಫೋನ್ ಮಾಡೋಣವೆಂದರು. ನಾನು ಕೈಕಟ್ಟಿ ನಿಂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಗ ಅತ್ತೆ ಕೂತಲ್ಲಿಂದಲೇ ಕರೆದರು. ದನಿ ಜೋರಿರಲಿಲ್ಲ, ಆದರೆ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ.

‘ಕೀ ಅವಳಿಗೆ ಕೊಡೋ.’

‘ಅಮ್ಮಾ, ಇದು ಅವಳ ಕೈಲಿ ಆಗೋ ಗಾಡಿ ಅಲ್ಲ.’

‘ಈ ದಾರಿ ಹುಡುಕ್ದೋರು ಯಾರು?’

ಭಾವ ಪ್ಯಾಂಟಿನ ಮರಳು ಕೊಡವಿಕೊಂಡರು.

‘ನಿನ್ನೇ ಕೇಳ್ತಿರೋದು. ಹೋದ ವರ್ಷದ್ದು ಹುಡುಕ್ದೋರು ಯಾರು?’

‘ಅವಳೇ,’ ಎಂದರು, ತಲೆ ತಗ್ಗಿಸಿ.

‘ನನಗೊಬ್ಬಳಿಗಲ್ಲ. ಹಿಂದಿರೋರ್ಗೂ ಕೇಳ್ಬೇಕು.’

ಐವತ್ತು ದಾಟಿದ, ತಲೆ ಬೆಳ್ಳಗಾದ ಆ ಮನುಷ್ಯ ಮೂವತ್ತು ಜನರ ಕಡೆ ತಿರುಗಿ, ‘ಎರಡೂ ಇವಳೇ ಹುಡುಕಿದ್ದು’ ಎಂದರು. ಕೀ ನನ್ನ ಅಂಗೈಗೆ ಬಂತು. ಬಿಸಿಯಾಗಿ, ಬೆವರಾಗಿತ್ತು.

‘ಪರವಾಗಿಲ್ಲ ಭಾವ’ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು ಎಂದು ಗಂಡ ಆಮೇಲೆ ಅಂದರು. ನಾನು ಹೇಳಿದ್ದು, ‘ಹವಾ ಇಳಿಸ್ಬೇಕು, ನಾಲ್ಕೂ ಟಯರಿಂದು. ಕೂತ್ಕೊಳಿ, ಹೇಳ್ಕೊಡ್ತೀನಿ.’ ಬೇರೆಯವರು ಮುಂದೆ ಬಂದರೂ ಬಿಡಲಿಲ್ಲ. ಇಸ್ತ್ರಿ ಪ್ಯಾಂಟಿನಲ್ಲಿ ಭಾವನನ್ನೇ ಒಂದೊಂದು ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಿಸಿದೆ. ವಾಲ್ವಿನ ಪಿನ್ನು ಒತ್ತಿ ಹಿಡಿಯಬೇಕು, ಗಾಳಿ ಹಿಸ್ಸೆಂದು ಮುಖಕ್ಕೆ ಬರುತ್ತದೆ. ಮೂರನೇ ಟಯರಿಗೆ ಅವರ ಮಂಡಿ ನಡುಗುತ್ತಿತ್ತು. ‘ಇನ್ನೂ ಸ್ವಲ್ಪ ಭಾವ, ಇನ್ನೂ ಇದೆ’ ಎಂದೆ. ಅಷ್ಟು ಬೇಕಿರಲಿಲ್ಲ, ನಿಜ ಹೇಳಿಬಿಡುತ್ತೇನೆ.

ಗಾಲಿಗಳ ಹಿಂದಿನ ಮರಳನ್ನು ಕೈಯಲ್ಲಿ ಬಳಿದು ತೆಗೆಸಿ, ಸ್ಟೇರಿಂಗ್ ನೆಟ್ಟಗೆ ಹಿಡಿದು, ಬಂದ ಗುರುತಿನಲ್ಲೇ ಹಿಂದಕ್ಕೆ, ಇರುವೆಯ ಹಾಗೆ ನಿಧಾನಕ್ಕೆ ಬಿಟ್ಟೆ. ಎರಡು ಸಲ ತೂಗಿತು. ಮೂರನೆಯದಕ್ಕೆ ಎದ್ದು ಬಂತು. ಚಪ್ಪಾಳೆ ಬಿತ್ತು. ಹಿಂದಿನ ಸೀಟಿನಿಂದ ಮಗಳು ‘ಅಮ್ಮಾ, ದಟ್ ವಾಸ್ ಸೋ ಕೂಲ್’ ಎಂದಳು. ಭಾವ ನಮ್ಮ ‘ಡಬ್ಬಿ’ಯಲ್ಲಿ ತಮ್ಮನ ಪಕ್ಕ ಕೂತು ಬಂದರು. ಅವರ ಕಾರನ್ನು ಎಡಕ್ಕೆ, ಜಲ್ಲಿಯ ಮೇಲೆ, ಎಲ್ಲರಿಗಿಂತ ಮುಂದೆ ನಾನು ಓಡಿಸಿದೆ. ಎದೆ ಇಷ್ಟಗಲವಾಗಿತ್ತು.

ಕಲ್ಲಿನ ನೆರಳಿನಲ್ಲಿ ನಿಲ್ಲಿಸಿದೆ. ಅತ್ತೆ ಬಾಗಿಲು ಹಿಡಿದು ಇಳಿದು, ಎರಡೇ ಹೆಜ್ಜೆಗೆ ಕಲ್ಲು ಮುಟ್ಟಿ, ಪದರಗಳ ಅಂಚಿನ ಮೇಲೆ ಅಂಗೈ ಎಳೆದರು. ಅಂಗೈಗೆ ಮರಳು ಹತ್ತಿತು. ‘ಇದಿನ್ನೂ ಪೂರ್ತಿ ಕಲ್ಲಾಗಿಲ್ಲ’ ಎಂದರು. ಮಕ್ಕಳು ತೂತಿನೊಳಗೆ ತೂರಿ ಆಚೆ ಓಡಿದರು. ಜನ ಡಬ್ಬಗಳನ್ನು ಇಳಿಸುತ್ತಿದ್ದರು. ಅತ್ತೆಗೊಂದು ಕುರ್ಚಿ ಹಾಕಿಕೊಟ್ಟು ಪಕ್ಕದಲ್ಲಿ ಕೂತೆ. ಅವರು ವ್ಯಾನಿಟಿ ಬ್ಯಾಗಿನ ಜಿಪ್ಪು ತೆಗೆದು, ನಾಲ್ಕು ಮಡಿಕೆ ಮಾಡಿದ ನನ್ನ ಚೀಟಿಯನ್ನು ಹೊರತೆಗೆದರು.

‘ಕಳೆದೋಯ್ತು ಅಂದ್ರಲ್ಲ ಅತ್ತೆ.’

‘ಅಂದೆ.’

‘ಮಧ್ಯದಲ್ಲಿ ಬರ್ದಿದ್ದು ಕಾಣ್ಲಿಲ್ವಾ?’

‘ಯಾಕ್ ಕಾಣಲ್ಲ? ಕಾಣ್ತು. ಓದ್ಲಿಲ್ಲ ಅಷ್ಟೆ.’

‘ನಿಮ್ಮಾವ ಹೆಡ್‌ಮಾಸ್ಟರು,’ ಎಂದರು ಅತ್ತೆ. ‘ಸ್ಕೂಲ್ ಡೇ ನಾಟಕ ಅಷ್ಟೂ ನಾನೇ ಬರ್ದಿದ್ದು. ಇಪ್ಪತ್ತೆರಡು ನಾಟಕ. ಪಾಂಪ್ಲೆಟಲ್ಲಿ ರಚನೆ ಅಂತ ಅವರ ಹೆಸರು. ಜನ ಕೇಳಿದ್ರೆ, ನಮ್ಮನೇಲಿ ಇವಳಿಗೆ ಉಪ್ಪಿಟ್ಟು ಮಾಡೋಕೂ ಬರಲ್ಲ ಅಂತ ನಗ್ಸೋರು. ಇವನು ಅದನ್ನ ನೋಡ್ಕೊಂಡೇ ಬೆಳ್ದಿದ್ದು.’

ಚೀಟಿಯನ್ನು ತೊಡೆಯ ಮೇಲೆ ಬಿಡಿಸಿ, ಉಗುರಿನಿಂದ ಆ ಸಾಲನ್ನು ಗೀರಿದರು.

‘ಇದು ಬೇರೆ ಇಂಕು. ಮೊದ್ಲು ಬಿಟ್ಟಿದ್ದೆ, ಆಮೇಲೆ ಸೇರಿಸ್ದೆ. ಅಲ್ವಾ?’

ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ‘ಹೂಂ’ ಎಂದೆ.

‘ಯಾಕ್ ಸೇರಿಸ್ದೆ?’

‘ನೀವು ಆ ಗಾಡೀಲಿ ಇದ್ರಲ್ಲ ಅತ್ತೆ.’

‘ನಾನೂ ಹಂಗೇ ಅಂದ್ಕೊಂಡು ನಲವತ್ತು ವರ್ಷ ಬಿಟ್ಟ ಸಾಲೆಲ್ಲ ಸೇರಿಸ್ಕೊಂಡೇ ಬಂದೆ. ಮಕ್ಳಿದಾವೆ, ಮನೇಲಿ ದೊಡ್ಡೋರಿದಾರೆ, ಅಂತ. ಯಾರಾದ್ರೂ ಒಬ್ರು ಗಾಡೀಲಿ ಇದ್ದೇ ಇರ್ತಾರೆ ಕಣೇ.’

ಅಷ್ಟು ಹೇಳಿ ಚೀಟಿಯನ್ನು ನನ್ನ ಕೈಗಿಟ್ಟು, ಆಚೆ ಒಬ್ಬನೇ ನಿಂತಿದ್ದ ಮಗನ ಕಡೆ ಕತ್ತು ಚಾಚಿ, ಅವನಿಗೆ ಪುಳಿಯೋಗರೆ ಕೊಟ್ರೋ ಇಲ್ವೋ ನೋಡು ಎಂದರು.